ತಮ್ಮನಿಗೆ ಕೆನಡಾದಲ್ಲಿ ಮೂರು ಪಾರ್ಟ್‌ಟೈಮ್ ಕೆಲಸ, ವರ್ಷದ ಕೊನೆಗೆ 4,300 ಡಾಲರ್ ತೆರಿಗೆ ಬಾಕಿ: ತಪ್ಪಾದದ್ದೆಲ್ಲಿ?

ಪ್ರಶ್ನೆ: ಕ್ಯಾತ್ಸಂದ್ರದ ಅಕ್ಕ, ತುಮಕೂರು

ಎಲ್ಲರಿಗೂ ನಮಸ್ಕಾರ. ನಾನು ತುಮಕೂರಿನ ಮಂಡಿಪೇಟೆಯ ಒಂದು ಸಗಟು ಅಂಗಡಿಯಲ್ಲಿ ಹನ್ನೊಂದು ವರ್ಷಗಳಿಂದ ಲೆಕ್ಕ ಬರೆಯುತ್ತಿದ್ದೇನೆ. ಜಿಎಸ್‌ಟಿ, ಟಿಡಿಎಸ್, ಫಾರಂ 16 ಇವೆಲ್ಲ ನನಗೆ ದಿನನಿತ್ಯದ ಕೆಲಸ. ಹಾಗಿದ್ದೂ ನಮ್ಮ ಮನೆಗೇ ಬಂದು ಕುಳಿತಿರುವ ಒಂದು ತೆರಿಗೆಯ ಲೆಕ್ಕವನ್ನು ಬಿಡಿಸಲು ನನ್ನಿಂದ ಆಗುತ್ತಿಲ್ಲವಾದ್ದರಿಂದ, ಅಲ್ಲಿ ಕೆಲಸ ಮಾಡಿ ಬಂದವರು ಅಥವಾ ಈಗಲೂ ಅಲ್ಲಿರುವವರು ತಿಳಿಸಿಕೊಡಬೇಕೆಂದು ಕೇಳುತ್ತಿದ್ದೇನೆ.

ನನ್ನ ತಮ್ಮ 2023ರ ಜನವರಿಯಲ್ಲಿ ಕೆನಡಾಕ್ಕೆ ಹೋದ. ಒಂಟಾರಿಯೊ ಪ್ರಾಂತ್ಯದಲ್ಲಿ ಎರಡು ವರ್ಷದ ಡಿಪ್ಲೊಮಾ ಮುಗಿಸಿ, ಈಗ ಮೂರು ವರ್ಷದ ಪೋಸ್ಟ್ ಗ್ರ್ಯಾಜುಯೇಷನ್ ವರ್ಕ್ ಪರ್ಮಿಟ್ ಮೇಲೆ ಬ್ರಾಂಪ್ಟನ್‌ನಲ್ಲಿದ್ದಾನೆ. ಓದಿಗೆ ಹೊಂದುವ ಕೆಲಸ ಇನ್ನೂ ಸಿಕ್ಕಿಲ್ಲ. ಒಂದೇ ಕಡೆ ವಾರಕ್ಕೆ ನಲವತ್ತು ಗಂಟೆ ಕೊಡುವವರೂ ಯಾರೂ ಇಲ್ಲವಂತೆ. ಹೀಗಾಗಿ ಒಂದು ಸೂಪರ್‌ಮಾರ್ಕೆಟ್‌ನಲ್ಲಿ ರಾತ್ರಿ ಪಾಳಿಯಲ್ಲಿ ಶೆಲ್ಫ್ ತುಂಬುವುದು, ಒಂದು ಕಾಫಿ ಅಂಗಡಿಯಲ್ಲಿ ಬೆಳಗಿನ ಕೌಂಟರ್, ಶನಿವಾರ ಒಂದು ಗೋದಾಮು, ಹೀಗೆ ಮೂರು ಕಡೆ ದುಡಿದು ವಾರಕ್ಕೆ ನಲವತ್ತೈದು ಗಂಟೆಯ ಹತ್ತಿರ ತರುತ್ತಿದ್ದಾನೆ. 2025ನೇ ಸಾಲಿನಲ್ಲಿ ಮೂರೂ ಕಡೆ ಸೇರಿ 41,000 ಡಾಲರ್ ಬಂದಿದೆ. ಏಪ್ರಿಲ್ ಕೊನೆಯ ವಾರದಲ್ಲಿ ರಿಟರ್ನ್ ಸಲ್ಲಿಸಿದಾಗ, ಇನ್ನೂ ಸುಮಾರು 4,300 ಡಾಲರ್ ತೆರಿಗೆ ಕಟ್ಟಬೇಕೆಂದು ಲೆಕ್ಕ ಬಂತು. ನಮ್ಮ ರೂಪಾಯಿಯಲ್ಲಿ ಎರಡೂವರೆ ಲಕ್ಷಕ್ಕೂ ಮೇಲೆ.

ಅವನು ವಾಟ್ಸ್‌ಆ್ಯಪ್‌ನಲ್ಲಿ ಕಳುಹಿಸಿದ ಮೂರು ಟಿ4 ಚೀಟಿಗಳನ್ನು ಶಿರಾ ಗೇಟ್ ಬಳಿಯ ಜೆರಾಕ್ಸ್ ಅಂಗಡಿಯಲ್ಲಿ ಮುದ್ರಿಸಿಕೊಂಡು ಬಂದು, ಊಟದ ಮೇಜಿನ ಮೇಲೆ ಸಾಲಾಗಿ ಇಟ್ಟು ನೋಡಿದೆ. ಮಾಲೀಕರು ವರ್ಷದ ಸಂಬಳವನ್ನೂ ಮುರಿದ ತೆರಿಗೆಯನ್ನೂ ಬರೆದುಕೊಡುವ ನಮ್ಮ ಫಾರಂ 16ರ ಹಾಗೆಯೇ ಅದು ಎಂದು ಅರ್ಥವಾಯಿತು. 14ನೇ ಚೌಕದಲ್ಲಿ ಸಂಬಳ, 16ರಲ್ಲಿ ಪಿಂಚಣಿ ಕಡಿತ, 18ರಲ್ಲಿ ಉದ್ಯೋಗ ವಿಮೆ, 22ರಲ್ಲಿ ಮುರಿದುಕೊಂಡ ತೆರಿಗೆ. ಸೂಪರ್‌ಮಾರ್ಕೆಟ್‌ನ ಚೀಟಿಯಲ್ಲಿ ಸಂಬಳ 19,000, ತೆರಿಗೆಯ ಚೌಕದಲ್ಲಿ ಮೂವತ್ತು ಡಾಲರಿಗೂ ಕಡಿಮೆ. ಕಾಫಿ ಅಂಗಡಿಯದು 14,000, ಗೋದಾಮಿನದು 8,000. ಆ ಎರಡರಲ್ಲೂ 22ನೇ ಚೌಕ ಖಾಲಿ. ಪಿಂಚಣಿಗೂ ವಿಮೆಗೂ ಮೂವರೂ ತಪ್ಪದೆ ಮುರಿದಿದ್ದಾರೆ, ತೆರಿಗೆಯನ್ನು ಮಾತ್ರ ಬಿಟ್ಟಿದ್ದಾರೆ. ಮಾಲೀಕರೇ ವಂಚಿಸಿದರೋ, ತಮ್ಮನೇ ಎಲ್ಲಿಯಾದರೂ ತಪ್ಪು ಬರೆದುಕೊಟ್ಟನೋ ತಿಳಿಯದು.

ಇದರ ಮೇಲೆ, ಕಳೆದ ತಿಂಗಳು ಮದುವೆಯ ಮನೆಯೊಂದರಲ್ಲಿ ಸಿಕ್ಕ ನಮ್ಮ ಬಂಧುವೊಬ್ಬರು, ವರ್ಕ್ ಪರ್ಮಿಟ್ ಇದ್ದವರು ಒಂದಕ್ಕಿಂತ ಹೆಚ್ಚು ಕೆಲಸ ಮಾಡುವಂತೆಯೇ ಇಲ್ಲ, ಸಿಕ್ಕಿಬಿದ್ದರೆ ವಾಪಸು ಕಳುಹಿಸುತ್ತಾರೆ ಎಂದು ಅಮ್ಮನ ಎದುರಿಗೇ ಹೇಳಿಬಿಟ್ಟರು. ಅಂದಿನಿಂದ ಅಮ್ಮ ಸರಿಯಾಗಿ ನಿದ್ದೆ ಮಾಡಿಲ್ಲ. ಇದು ನಿಜವೇ? ಬರುವ ವರ್ಷ ಇಂಥ ಬಾಕಿ ಬಾರದಂತೆ ಏನು ಮಾಡಬೇಕು? ಬಾಕಿ ತೀರಿಸಲು ವಾರಾಂತ್ಯದಲ್ಲಿ ಒಂದು ಹೋಟೆಲಿನಲ್ಲಿ ಕೈಗೆ ನಗದು ಕೊಡುವ ಕೆಲಸವಿದೆ, ಅದಕ್ಕೂ ಸೇರುತ್ತೇನೆ ಎನ್ನುತ್ತಿದ್ದಾನೆ. ಬೇಡವೆನ್ನಲು ನನಗೆ ಸರಿಯಾದ ಕಾರಣ ಬೇಕಾಗಿದೆ.

ಉತ್ತರ: ಬಂಗಾರಪೇಟೆಗೆ ಮರಳಿದವನು, ಕೋಲಾರ ಜಿಲ್ಲೆ

ಮೇಡಂ, ನಮಸ್ಕಾರ. ಏಳು ವರ್ಷ ಮಿಸಿಸಾಗಾದಲ್ಲಿದ್ದು ಊರಿಗೆ ಬಂದು ನೆಲೆಸಿದವನು ನಾನು. ನಿಮ್ಮ ತಮ್ಮನಿಗೆ ಆದದ್ದೇ ನನಗೂ ಆಗಿತ್ತು, ಮೊತ್ತ ಮಾತ್ರ ಸ್ವಲ್ಪ ಕಡಿಮೆ. ಮಾಲೀಕರು ಯಾರೂ ವಂಚಿಸಿಲ್ಲ. ತಪ್ಪಾಗಿರುವುದು, ಸಂಬಳದಲ್ಲಿ ಎಷ್ಟು ತೆರಿಗೆ ಮುರಿಯಬೇಕೆಂದು ಮಾಲೀಕರಿಗೆ ತಿಳಿಸುವ ಟಿಡಿ1 ಎಂಬ ಎರಡು ಪುಟದ ಫಾರಂನಲ್ಲಿ.

ಕೆಲಸಕ್ಕೆ ಸೇರಿದ ದಿನ ಕಾಗದಗಳ ಒಂದು ಕಟ್ಟು ಕೈಗಿಡುತ್ತಾರೆ. ನಾನು ಸೇರಿದ ಎರಡನೆಯ ಕೆಲಸದಲ್ಲಿ, ಅಂಗಡಿಯ ಹಿಂಬದಿಯ ಕೋಣೆಯಲ್ಲಿ ಹಾಲಿನ ಕ್ರೇಟುಗಳ ಮೇಲೆ ಆ ಕಟ್ಟನ್ನು ಇಟ್ಟುಕೊಂಡು, ನಿಂತಲ್ಲೇ ಸಹಿ ಹಾಕಿ ಕೊಟ್ಟೆ. ಬ್ಯಾಂಕ್ ಖಾತೆಯ ಹಾಳೆ ಯಾವುದು, ಸುರಕ್ಷತೆಯ ನಿಯಮದ ಹಾಳೆ ಯಾವುದು, ಟಿಡಿ1 ಯಾವುದು ಎಂದು ಆಗ ನೋಡಲೇ ಇಲ್ಲ. ಮೇಲ್ವಿಚಾರಕಿ ಪೆನ್ನು ಹಿಡಿದು ಕಾಯುತ್ತಿದ್ದಳು, ಹೊರಗೆ ಸಾಲು ಬೆಳೆದಿತ್ತು. ಆ ಫಾರಂನ ಮೊದಲ ಸಾಲಿನಲ್ಲೇ ಮೂಲ ವೈಯಕ್ತಿಕ ವಿನಾಯಿತಿಯ ಮೊತ್ತ ಅಚ್ಚಾಗಿರುತ್ತದೆ. 2025ಕ್ಕೆ ಫೆಡರಲ್, ಅಂದರೆ ಕೇಂದ್ರ, ಸರ್ಕಾರದ ಮೊತ್ತ 16,129 ಡಾಲರ್, ಒಂಟಾರಿಯೊ ಪ್ರಾಂತ್ಯದ್ದು 12,747 ಡಾಲರ್. ಅದನ್ನು ಹಾಗೆಯೇ ಕೊನೆಯ ಸಾಲಿಗೆ ಇಳಿಸಿ ಸಹಿ ಮಾಡಿದರೆ, ಆ ಮಾಲೀಕರ ಸಂಬಳದ ತಂತ್ರಾಂಶ 'ಈತನಿಗೆ ನಮ್ಮದೊಂದೇ ಕೆಲಸ, ಇಷ್ಟು ಹಣಕ್ಕೆ ತೆರಿಗೆಯಿಲ್ಲ' ಎಂದು ತಿಳಿದುಕೊಳ್ಳುತ್ತದೆ. ನಿಮ್ಮ ತಮ್ಮ ಮೂರು ಕಡೆಯೂ ಹೀಗೆಯೇ ಕೊಟ್ಟಿದ್ದಾನೆ. ಇರುವ ಒಂದು ವಿನಾಯಿತಿಯನ್ನು ಮೂವರೂ ಪ್ರತ್ಯೇಕವಾಗಿ ಕೊಟ್ಟಂತಾಯಿತು. ಕಾಫಿ ಅಂಗಡಿಯ 14,000 ಕೂಡ 16,129ಕ್ಕಿಂತ ಕಡಿಮೆ, ಗೋದಾಮಿನ 8,000 ಕೂಡ ಕಡಿಮೆ. ಆದ್ದರಿಂದಲೇ ಆ ಚೌಕಗಳು ಖಾಲಿ.

ನೀವು ಲೆಕ್ಕ ಬಲ್ಲವರು, ನೀವೇ ಕೂಡಿಸಿ ನೋಡಿ. ನ್ಯಾಯವಾಗಿ ವಿನಾಯಿತಿ ಸಿಗಬೇಕಾದದ್ದು ಸೂಪರ್‌ಮಾರ್ಕೆಟ್‌ನ 19,000ದಲ್ಲಿ ಮಾತ್ರ. ಉಳಿದ 22,000ಕ್ಕೆ ಮೊದಲ ಡಾಲರಿನಿಂದಲೇ ತೆರಿಗೆ ಮುರಿಯಬೇಕಿತ್ತು. 2025ರ ಕೆಳಹಂತದ ಫೆಡರಲ್ ದರ ಶೇ. 14.5. ವರ್ಷದ ನಡುವೆ, ಜುಲೈ 1ರಿಂದ, 15 ಇದ್ದದ್ದನ್ನು 14ಕ್ಕೆ ಇಳಿಸಿದ್ದರಿಂದ ಆ ಸಾಲಿಗೆ ಎರಡರ ನಡುವಿನ ಈ ದರ ಬಂದಿದೆ. 22,000ಕ್ಕೆ 3,190 ಡಾಲರ್ ಆಯಿತು. ಪಿಂಚಣಿ ಮತ್ತು ಉದ್ಯೋಗ ವಿಮೆಗೆ ಮುರಿದ ಹಣಕ್ಕೆ ಸಿಗುವ ಸಣ್ಣ ರಿಯಾಯಿತಿ ಕಳೆದರೆ ಸುಮಾರು 3,000. ಉಳಿದ 1,300ರಷ್ಟು ಒಂಟಾರಿಯೊದ ಶೇ. 5.05ರ ತೆರಿಗೆ ಮತ್ತು ಆ ಪ್ರಾಂತ್ಯದ ಆರೋಗ್ಯ ಪ್ರೀಮಿಯಂ ಸೇರಿ ಬಂದಿರುವುದು. ಅಂದರೆ ಅವನ ಬಾಕಿ ದಂಡವಲ್ಲ. ವರ್ಷವಿಡೀ ಅವನ ಕೈಗೆ ಹೆಚ್ಚಾಗಿ ಬಂದು ಖರ್ಚಾಗಿ ಹೋದ ಹಣ ಅದು. ಇದನ್ನು ಅವನಿಗೆ ಹೇಳಿದರೆ ಮೊದಲು ಸಿಟ್ಟು ಬರುತ್ತದೆ, ನನಗೂ ಬಂದಿತ್ತು.

ಮುಂದಕ್ಕೆ ಮಾಡಬೇಕಾದದ್ದು ಸುಲಭ. ಕಾಫಿ ಅಂಗಡಿಗೂ ಗೋದಾಮಿಗೂ ಹೊಸ ಟಿಡಿ1 ಕೊಡಬೇಕು. ಎರಡನೆಯ ಪುಟದಲ್ಲಿ ಏಕಕಾಲಕ್ಕೆ ಒಂದಕ್ಕಿಂತ ಹೆಚ್ಚು ಮಾಲೀಕರಿದ್ದಾರೆ ಎಂಬ ಚೌಕವಿದೆ. ಅದಕ್ಕೆ ಗುರುತು ಹಾಕಿ, ಮೊದಲ ಪುಟದ 13ನೇ ಸಾಲಿನಲ್ಲಿ ಸೊನ್ನೆ ಬರೆಯಬೇಕು. ಫೆಡರಲ್‌ಗೆ ಒಂದು, ಒಂಟಾರಿಯೊಗೆ ಒಂದು, ಎರಡು ಹಾಳೆ ಇರುತ್ತವೆ. ಹಲವರು ಫೆಡರಲ್ ಹಾಳೆ ಕೊಟ್ಟು ಪ್ರಾಂತ್ಯದ ಹಾಳೆಯನ್ನು ಮರೆತುಬಿಡುತ್ತಾರೆ. ಹೆಚ್ಚು ಸಂಬಳ ಬರುವ ಸೂಪರ್‌ಮಾರ್ಕೆಟ್‌ನಲ್ಲಿ ಮಾತ್ರ ವಿನಾಯಿತಿ ಇರಲಿ. ವರ್ಷದ ನಡುವೆ ಈ ಫಾರಂ ಬದಲಿಸಲು ಯಾವ ಅಡ್ಡಿಯೂ ಇಲ್ಲ. ಆದರೆ ಜನವರಿಯಿಂದ ಈವರೆಗೆ ಮುರಿಯದೆ ಬಿಟ್ಟ ತೆರಿಗೆ ತಾನಾಗಿ ತುಂಬುವುದಿಲ್ಲವಾದ್ದರಿಂದ, ಪ್ರತಿ ಸಂಬಳದಲ್ಲೂ ಹೆಚ್ಚುವರಿಯಾಗಿ ಇಂತಿಷ್ಟು ಮುರಿಯಿರಿ ಎಂದು ಅದೇ ಫಾರಂನಲ್ಲಿ ಕೇಳಿಕೊಳ್ಳುವ ಜಾಗವನ್ನೂ ಬಳಸಲಿ. ನಾನು ಪ್ರತಿ ಪಾಳಿಗೆ ಇಪ್ಪತ್ತು ಡಾಲರ್ ಎಂದು ಲೆಕ್ಕ ಹಾಕಿ ಬರೆದುಕೊಟ್ಟಿದ್ದೆ.

ಇನ್ನು ಈಗಿನ ಬಾಕಿ. ಅಲ್ಲಿ ಜನವರಿಯಿಂದ ಡಿಸೆಂಬರ್‌ವರೆಗೆ ತೆರಿಗೆ ವರ್ಷ. ರಿಟರ್ನ್‌ಗೂ ಹಣ ಕಟ್ಟುವುದಕ್ಕೂ ಏಪ್ರಿಲ್ 30 ಕೊನೆಯ ದಿನ. ಅಷ್ಟರೊಳಗೆ ರಿಟರ್ನ್ ಹಾಕಿದ್ದರಿಂದ ಅವನು ಒಂದು ದೊಡ್ಡ ಏಟು ತಪ್ಪಿಸಿಕೊಂಡಿದ್ದಾನೆ. ತಡವಾಗಿದ್ದರೆ ಬಾಕಿಯ ಮೇಲೆ ಶೇ. 5, ಜೊತೆಗೆ ತಿಂಗಳಿಗೆ ಶೇ. 1ರಂತೆ ಹನ್ನೆರಡು ತಿಂಗಳವರೆಗೆ ದಂಡ ಬೀಳುತ್ತಿತ್ತು. ಈಗ ಬೀಳುವುದು ಬಡ್ಡಿ ಮಾತ್ರ, ಅದು ದಿನದಿನವೂ ಚಕ್ರಬಡ್ಡಿಯಾಗಿ ಏರುತ್ತದೆ. ಸುಮ್ಮನೆ ಕೂರದೆ ಕೆನಡಾ ರೆವಿನ್ಯೂ ಏಜೆನ್ಸಿಗೆ ತಾನೇ ಫೋನ್ ಮಾಡಿ ಕಂತು ಕೇಳಿದರೆ ಅವರು ಒಪ್ಪುತ್ತಾರೆ; ನನಗೆ ಎಂಟು ಕಂತು ಕೊಟ್ಟಿದ್ದರು. ಇದೇ ತಪ್ಪು ಮುಂದಿನ ವರ್ಷವೂ ಆಗಿ ಬಾಕಿ ಮತ್ತೆ 3,000 ಡಾಲರ್ ದಾಟಿದರೆ, ಆಮೇಲೆ ಮೂರು ತಿಂಗಳಿಗೊಮ್ಮೆ ಮುಂಗಡ ತೆರಿಗೆ ಕಟ್ಟಿರೆಂದು ಪತ್ರ ಬರಲು ಶುರುವಾಗುತ್ತದೆ.

ಪ್ರಶ್ನೆ ಕೇಳಿದವರ ಮರುಮಾತು: ಕ್ಯಾತ್ಸಂದ್ರದ ಅಕ್ಕ

ಸರ್, ತುಂಬ ಉಪಕಾರವಾಯಿತು. ಓದುತ್ತಿದ್ದಂತೆ ತಲೆಗೆ ಹೊಳೆಯಿತು: ನಮ್ಮಲ್ಲಿ ವರ್ಷದ ನಡುವೆ ಕೆಲಸ ಬದಲಿಸಿದವರು ಹಳೆಯ ಸಂಬಳವನ್ನು ಹೊಸ ಕಚೇರಿಗೆ ತಿಳಿಸದಿದ್ದರೆ, ಇಬ್ಬರೂ ಪೂರ್ತಿ ವಿನಾಯಿತಿ ಕೊಟ್ಟು ಕೊನೆಗೆ ಜುಲೈನಲ್ಲಿ ರಿಟರ್ನ್ ಹಾಕುವಾಗ ತೆರಿಗೆ ತಲೆಯ ಮೇಲೆ ಬೀಳುತ್ತದಲ್ಲ, ಅದೇ ಕತೆ. ಎಷ್ಟೋ ಜನರಿಗೆ ನಾನೇ ಇದನ್ನು ವಿವರಿಸಿದ್ದೇನೆ, ಮನೆಯದೇ ಚೀಟಿ ನೋಡಿದಾಗ ಕಾಣಲಿಲ್ಲ.

ಇನ್ನೆರಡು ವಿಷಯ ಬಿಟ್ಟುಹೋಗಿದ್ದವು. ಓದುತ್ತಿದ್ದ 2023 ಮತ್ತು 2024ರಲ್ಲಿ ಅವನಿಗೆ ಒಂದೇ ಸಣ್ಣ ಕೆಲಸವಿತ್ತು. ತೆರಿಗೆ ಬೀಳುವಷ್ಟು ಆದಾಯವಿಲ್ಲವೆಂದು ಆ ಎರಡು ವರ್ಷ ರಿಟರ್ನ್ ಹಾಕಲೇ ಇಲ್ಲವಂತೆ. ಎರಡನೆಯದು, ಅಪ್ಪ ತೀರಿಕೊಂಡ ಮೇಲೆ ತಿಪಟೂರಿನ ಹತ್ತಿರದ ಎರಡು ಎಕರೆ ತೆಂಗಿನ ತೋಟ ಅವನ ಹೆಸರಿಗೆ ಬಂದಿದೆ. ಕೊಬ್ಬರಿ ಮಾರಿದ ಹಣ ಇಲ್ಲಿನ ಅವನ ಹಳೆಯ ಉಳಿತಾಯ ಖಾತೆಗೇ ಹೋಗುತ್ತದೆ, ಅದರಿಂದ ನಾನು ಅಮ್ಮನ ಔಷಧಿಗೆ ತೆಗೆಯುತ್ತೇನೆ. ಇದಕ್ಕೂ ಅಲ್ಲಿನ ತೆರಿಗೆಗೂ ಸಂಬಂಧವಿಲ್ಲ ಎಂದುಕೊಂಡಿದ್ದೇನೆ.

ಉತ್ತರ: ಶಿಡ್ಲಘಟ್ಟದ ಹುಡುಗಿ, ಈಗ ಕಿಚನರ್‌ನಲ್ಲಿ

ಅಕ್ಕ, ಮೊದಲು ಅಮ್ಮನಿಗೆ ಧೈರ್ಯ ಹೇಳಿ. ನಾನೂ ಇದೇ ಪರ್ಮಿಟ್‌ನಲ್ಲಿದ್ದೇನೆ, ಎರಡು ಕೆಲಸ ಮಾಡುತ್ತೇನೆ, ಯಾರೂ ಏನೂ ಕೇಳಿಲ್ಲ, ಕೇಳುವ ಹಾಗೂ ಇಲ್ಲ. ವರ್ಕ್ ಪರ್ಮಿಟ್‌ಗಳಲ್ಲಿ ಎರಡು ಬಗೆ. ಒಂದರಲ್ಲಿ ಮಾಲೀಕರ ಹೆಸರು ಪರ್ಮಿಟ್‌ನಲ್ಲೇ ಇರುತ್ತದೆ. ಅಂಥವರು ಆ ಮಾಲೀಕರನ್ನು ಬಿಟ್ಟು ಇನ್ನೊಂದು ಕಡೆ ಒಂದು ಗಂಟೆ ದುಡಿದರೂ ತಪ್ಪೇ. ನಿಮ್ಮ ಬಂಧುಗಳು ಕೇಳಿರುವುದು ಬಹುಶಃ ಅಂಥವರ ವಿಷಯ. ಓದು ಮುಗಿಸಿದವರಿಗೆ ಕೊಡುವುದು ಓಪನ್ ಪರ್ಮಿಟ್. ಅದರಲ್ಲಿ ಎಷ್ಟು ಮಾಲೀಕರು, ವಾರಕ್ಕೆ ಎಷ್ಟು ಗಂಟೆ ಎಂಬ ಮಿತಿಯೇ ಇಲ್ಲ. ತಮ್ಮನ ಪರ್ಮಿಟ್ ಹಾಳೆಯ ಷರತ್ತುಗಳ ಭಾಗವನ್ನು ಮಾತ್ರ ಒಮ್ಮೆ ಓದಿಸಿಕೊಳ್ಳಿ. ವೈದ್ಯಕೀಯ ತಪಾಸಣೆ ಆಗದವರಿಗೆ ಮಕ್ಕಳ ಆರೈಕೆ, ಆಸ್ಪತ್ರೆಯಂಥ ಕಡೆ ಕೆಲಸ ಮಾಡಬಾರದೆಂದು ಅಲ್ಲಿ ಬರೆದಿರುವುದುಂಟು. ಗಂಟೆಯ ಮಿತಿ ಇರುವುದು ವಿದ್ಯಾರ್ಥಿಗಳಿಗೆ. ತರಗತಿ ನಡೆಯುವಾಗ ಕಾಲೇಜಿನ ಹೊರಗೆ ವಾರಕ್ಕೆ 24 ಗಂಟೆ, 2024ರ ನವೆಂಬರ್‌ಗೆ ಮುಂಚೆ ಅದು 20 ಇತ್ತು. ಈ ಎರಡನ್ನೂ ಬೆರೆಸಿಕೊಂಡು ಮಾತನಾಡುವವರು ನಮ್ಮೂರಲ್ಲೂ ಬೇಕಾದಷ್ಟಿದ್ದಾರೆ.

ಅವನ ಸಾಮಾಜಿಕ ವಿಮಾ ಸಂಖ್ಯೆ 9ರಿಂದ ಶುರುವಾಗುತ್ತದಲ್ಲ, ಅದರ ಅವಧಿ ಪರ್ಮಿಟ್‌ನ ಜೊತೆಗೇ ಮುಗಿಯುತ್ತದೆ. ಓದುವಾಗ ಕೊಟ್ಟಿದ್ದ ಹಳೆಯ ದಿನಾಂಕವೇ ಉಳಿದಿದ್ದರೆ ಹೊಸ ಪರ್ಮಿಟ್ ತೋರಿಸಿ ಸರಿಮಾಡಿಸಿ, ಮೂವರು ಮಾಲೀಕರಿಗೂ ತಿಳಿಸಬೇಕು.

ನೀವು ಆಮೇಲೆ ಸೇರಿಸಿದ ಒಂದು ಸಾಲು ನೋಡಿ ನಾನು ಎದ್ದು ಕುಳಿತೆ. 2023, 2024ಕ್ಕೆ ರಿಟರ್ನ್ ಹಾಕಿಲ್ಲವೆಂದರೆ ಅವನು ಕಾಲೇಜಿಗೆ ಕಟ್ಟಿದ ಶುಲ್ಕದ ರಿಯಾಯಿತಿಯನ್ನು ಕೇಳಿಯೇ ಇಲ್ಲ! ಇಲ್ಲಿ ಕಟ್ಟಿದ ಶುಲ್ಕಕ್ಕೆ ಫೆಡರಲ್ ತೆರಿಗೆಯಲ್ಲಿ ರಿಯಾಯಿತಿ ಇದೆ. ಆ ವರ್ಷ ತೆರಿಗೆ ಇಲ್ಲದಿದ್ದರೆ ಅದು ಮುಂದಿನ ವರ್ಷಗಳಿಗೆ ಸಾಗುತ್ತದೆ. ಆದರೆ ಸಾಗಬೇಕಾದರೆ ಆಯಾ ವರ್ಷದ ರಿಟರ್ನ್‌ನಲ್ಲಿ ಶೆಡ್ಯೂಲ್ 11 ತುಂಬಿ ಹೇಳಿಕೊಂಡಿರಬೇಕು. ಕಾಲೇಜಿನ ಜಾಲತಾಣದಲ್ಲಿ ಟಿ2202 ಎಂಬ ಚೀಟಿ ಸಿಗುತ್ತದೆ, ಅದರಲ್ಲಿ ಕಟ್ಟಿದ ಶುಲ್ಕ ಇರುತ್ತದೆ. ನಮ್ಮಂಥ ವಿದೇಶಿ ವಿದ್ಯಾರ್ಥಿಗಳು ಎರಡು ವರ್ಷಕ್ಕೆ ಕಟ್ಟುವ ಶುಲ್ಕ ಎಷ್ಟೆಂದು ನಿಮಗೆ ಗೊತ್ತೇ ಇದೆ, ಆ 3,000 ಡಾಲರ್ ಫೆಡರಲ್ ತೆರಿಗೆ ಅದರಲ್ಲಿ ಪೂರ್ತಿ ಮುಳುಗಿಹೋಗುತ್ತದೆ. ತೆರಿಗೆ ಬಾಕಿಯಿಲ್ಲದ ವರ್ಷಕ್ಕೆ ತಡವಾಗಿ ರಿಟರ್ನ್ ಹಾಕಿದರೆ ತಡದ ದಂಡವೂ ಇಲ್ಲ, ಏಕೆಂದರೆ ದಂಡ ಬಾಕಿಯ ಮೇಲಿನ ಶೇಕಡಾವಾರು. ಮೊದಲು 2023, ಆಮೇಲೆ 2024 ಹಾಕಿ, ಅವು ಇತ್ಯರ್ಥವಾದ ಮೇಲೆ 2025ರದ್ದನ್ನು ತಿದ್ದಿಸಲಿ. ಒಂಟಾರಿಯೊ ತನ್ನ ಪಾಲಿನ ಶುಲ್ಕ ರಿಯಾಯಿತಿಯನ್ನು 2017ರಲ್ಲೇ ನಿಲ್ಲಿಸಿದೆ, ಆದ್ದರಿಂದ ಪ್ರಾಂತ್ಯದ 1,300ನ್ನು ಕಟ್ಟಲೇಬೇಕು. ಆ ಎರಡು ವರ್ಷಗಳಿಗೆ ಕಡಿಮೆ ಆದಾಯದವರಿಗೆ ಮೂರು ತಿಂಗಳಿಗೊಮ್ಮೆ ಬರುವ ಜಿಎಸ್‌ಟಿ ಮರುಪಾವತಿಯನ್ನೂ ಇದರ ಜೊತೆಗೇ ಕೇಳಬಹುದು.

ನಗದಿನ ಕೆಲಸ ಬೇಡವೇ ಬೇಡ. ಟಿ4 ಬರುವುದಿಲ್ಲ, ಉದ್ಯೋಗ ವಿಮೆಗೆ ಲೆಕ್ಕವಾಗುವುದಿಲ್ಲ, ಎಣ್ಣೆ ಬಾಂಡಲೆ ಕೈಮೇಲೆ ಬಿದ್ದರೆ ಆ ಹೋಟೆಲಿನವರು ನಿನ್ನನ್ನು ನೋಡಿಯೇ ಇಲ್ಲ ಎನ್ನುತ್ತಾರೆ. ನನ್ನ ಜೊತೆಗಿದ್ದವಳೊಬ್ಬಳಿಗೆ ಎರಡು ತಿಂಗಳ ಹಣ ಕೊಡದೆ ಕಳುಹಿಸಿದರು, ದೂರು ಕೊಡಲು ಕೈಯಲ್ಲಿ ಒಂದು ಚೀಟಿಯೂ ಇರಲಿಲ್ಲ. ಇನ್ನೂ ಮುಖ್ಯವಾದದ್ದು, ಕಾಯಂ ನಿವಾಸಕ್ಕೆ ಅರ್ಜಿ ಹಾಕುವಾಗ ಕೆನಡಾ ಅನುಭವದ ಮಾರ್ಗದಲ್ಲಿ ಮೂರು ವರ್ಷದೊಳಗೆ 1,560 ಗಂಟೆಯ ಕೆಲಸ ತೋರಿಸಬೇಕು. ಎರಡು ಮೂರು ಪಾರ್ಟ್‌ಟೈಮ್ ಕೆಲಸಗಳ ಗಂಟೆಗಳನ್ನು ಕೂಡಿಸಬಹುದು, ಆದರೆ ವಾರಕ್ಕೆ 30 ಗಂಟೆಗಿಂತ ಹೆಚ್ಚಿನದು ಲೆಕ್ಕಕ್ಕಿಲ್ಲ. ಮತ್ತು ಕೆಲಸ, ಬೇಕಾಗುವ ತರಬೇತಿ, ಓದು, ಹೊಣೆಯ ಮೇಲೆ ಇಲ್ಲಿ ಮಾಡಿರುವ ಟೀರ್ ಎಂಬ ದರ್ಜೆಗಳಲ್ಲಿ 0ರಿಂದ 3ರ ಒಳಗಿನದಾಗಿರಬೇಕು. ಶೆಲ್ಫ್ ತುಂಬುವುದು, ಕೌಂಟರ್‌ನಲ್ಲಿ ಕಾಫಿ ಕೊಡುವುದು ಅದರೊಳಗೆ ಬರುವುದಿಲ್ಲ. ಅದೇ ಕಾಫಿ ಅಂಗಡಿಯಲ್ಲಿ ಸೂಪರ್‌ವೈಸರ್ ಆದರೆ ಬರುತ್ತದೆ, ಅಡುಗೆಯವನಾದರೂ ಬರುತ್ತದೆ. ನಾಲ್ಕನೆಯ ಕೆಲಸ ಹುಡುಕುವ ಬದಲು ಇರುವ ಮೂರರಲ್ಲಿ ಒಂದನ್ನು ಮೇಲಕ್ಕೇರಿಸಿಕೊಳ್ಳಲು ಹೇಳಿ ಅಕ್ಕ. ಮೂರು ವರ್ಷ ನೋಡನೋಡುತ್ತಾ ಮುಗಿದುಹೋಗುತ್ತದೆ, ಈ ಪರ್ಮಿಟ್ ಎರಡನೆಯ ಸಲ ಕೊಡುವುದಿಲ್ಲ.

ಸೈಕಲ್ಲಿನಲ್ಲಿ ಊಟ ತಲುಪಿಸುವ ಆ್ಯಪ್‌ಗಳ ಕೆಲಸವೂ ಸ್ವಂತ ಉದ್ಯೋಗದ ಲೆಕ್ಕಕ್ಕೆ ಹೋಗುತ್ತದೆ. ಅದರಲ್ಲಿ ತೆರಿಗೆ ಯಾರೂ ಮುರಿಯುವುದಿಲ್ಲ, ಪಿಂಚಣಿಯ ಎರಡೂ ಪಾಲು, ಅಂದರೆ ಶೇ. 11.9, ನಾವೇ ಕಟ್ಟಬೇಕು, ಅನುಭವಕ್ಕೂ ಸೇರುವುದಿಲ್ಲ.

ಉತ್ತರ: ಚಿಂತಾಮಣಿಯ ತೆರಿಗೆ ಸಲಹೆಗಾರ

ಇಬ್ಬರು ಹೇಳಿದ್ದೂ ಸರಿಯಾಗಿದೆ. ನಾನು ತೋಟದ ವಿಷಯಕ್ಕೆ ಮಾತ್ರ ಬರೆಯುತ್ತೇನೆ, ಏಕೆಂದರೆ ನನ್ನ ಬಳಿ ಬರುವವರಲ್ಲಿ ಮಕ್ಕಳು ಹೊರದೇಶದಲ್ಲಿರುವ ರೈತ ಕುಟುಂಬಗಳು ಹೆಚ್ಚು. ಈ ಒಂದು ತಪ್ಪನ್ನು ಬಹುತೇಕ ಎಲ್ಲರೂ ಮಾಡುತ್ತಾರೆ. 'ಸಂಬಂಧವಿಲ್ಲ ಎಂದುಕೊಂಡಿದ್ದೇನೆ' ಎಂದಿದ್ದೀರಿ. ಸಂಬಂಧವಿದೆ.

ತೆರಿಗೆಯ ದೃಷ್ಟಿಯಲ್ಲಿ ಕೆನಡಾದ ನಿವಾಸಿ ಎನಿಸಿದವರು ಪ್ರಪಂಚದ ಯಾವ ಮೂಲೆಯಲ್ಲಿ ಬಂದ ಆದಾಯವನ್ನಾದರೂ ಅಲ್ಲಿನ ರಿಟರ್ನ್‌ನಲ್ಲಿ ತೋರಿಸಬೇಕು. ವೀಸಾ ತಾತ್ಕಾಲಿಕವಾಗಿದ್ದರೂ, ಮನೆ ಮಾಡಿಕೊಂಡು ಅಲ್ಲೇ ದುಡಿಯುತ್ತಿರುವವರು ಸಾಮಾನ್ಯವಾಗಿ ನಿವಾಸಿಗಳೇ. ನಮ್ಮ ದೇಶದಲ್ಲಿ ಕೃಷಿ ಆದಾಯಕ್ಕೆ ವಿನಾಯಿತಿ ಇರುವುದರಿಂದ ಕೊಬ್ಬರಿ, ರೇಷ್ಮೆ, ಟೊಮೆಟೊ ಮಾರಿದ ಹಣಕ್ಕೆ ತೆರಿಗೆಯೆಂಬುದೇ ನಮ್ಮ ಜನರ ಮನಸ್ಸಿನಲ್ಲಿಲ್ಲ. ಆ ವಿನಾಯಿತಿ ಗಡಿ ದಾಟುವುದಿಲ್ಲ. ಎರಡು ದೇಶಗಳ ನಡುವೆ ದುಪ್ಪಟ್ಟು ತೆರಿಗೆ ತಪ್ಪಿಸುವ ಒಪ್ಪಂದವಿದೆ ನಿಜ. ಆದರೆ ಇಲ್ಲಿ ತೆರಿಗೆಯನ್ನೇ ಕಟ್ಟದಿದ್ದರೆ ಅಲ್ಲಿ ಕಳೆದುಕೊಳ್ಳಲು ಏನೂ ಇರುವುದಿಲ್ಲ. ಗೊಬ್ಬರ, ಕೂಲಿ, ಕಾಯಿ ಕೀಳಿಸಿದ ಖರ್ಚು, ಕೊಬ್ಬರಿ ಸುಲಿಸಿದ ಖರ್ಚು ಇವನ್ನೆಲ್ಲ ಕಳೆದು ಉಳಿದದ್ದನ್ನು ತೋರಿಸಬೇಕಾಗುತ್ತದೆ. ಎರಡು ಎಕರೆಯಲ್ಲಿ ಉಳಿಯುವುದು ದೊಡ್ಡ ಮೊತ್ತವಲ್ಲ, ಆದ್ದರಿಂದ ತೋರಿಸಿ ನಿಶ್ಚಿಂತರಾಗಿರುವುದು ಒಳ್ಳೆಯದು. ಎಪಿಎಂಸಿ ಹರಾಜಿನ ಬಿಲ್ಲುಗಳನ್ನೂ ಕೂಲಿಯ ಲೆಕ್ಕವನ್ನೂ ನೀವು ಹೇಗೂ ಇಟ್ಟಿರುತ್ತೀರಿ. ಹೇಗೂ 2025ರ ರಿಟರ್ನ್ ತಿದ್ದಿಸುವುದಿದೆ, 2023 ಮತ್ತು 2024ರದ್ದು ಹಾಕುವುದಿದೆ. ತೋಟ ಅವನ ಹೆಸರಿಗೆ ಬಂದಂದಿನಿಂದ ಆದ ಆದಾಯವನ್ನು ಅದೇ ಸಲಕ್ಕೆ ಸೇರಿಸಲಿ. ಇದು ಸೇರಿದ ಮೇಲೆ ಮೇಲಿನ ಅಂಕಿಗಳು ಸ್ವಲ್ಪ ಹೆಚ್ಚು ಕಡಿಮೆಯಾಗುತ್ತವೆ.

ಆ ಹಳೆಯ ಉಳಿತಾಯ ಖಾತೆಯನ್ನು ಹಾಗೆಯೇ ಬಿಟ್ಟಿರುವುದು ಇನ್ನೊಂದು ತಪ್ಪು. ಅನಿವಾಸಿಯಾದವರು ಸಾಮಾನ್ಯ ಉಳಿತಾಯ ಖಾತೆಯನ್ನು, ಅನಿವಾಸಿಗಳ ಇಲ್ಲಿನ ಆದಾಯಕ್ಕೆಂದೇ ಇರುವ ಎನ್‌ಆರ್‌ಒ ಖಾತೆಗೆ ಬದಲಿಸಿಕೊಳ್ಳಬೇಕು. ಬದಲಿಸಿದರೆ ಬಡ್ಡಿಯಲ್ಲಿ ಶೇ. 30 ಮತ್ತು ಸೆಸ್ ಮುರಿಯುತ್ತಾರೆಂದು ಜನ ಹೆದರಿ ಸುಮ್ಮನಿರುತ್ತಾರೆ. ಕೆನಡಾದ ತೆರಿಗೆ ನಿವಾಸಿಯೆಂಬ ಪ್ರಮಾಣಪತ್ರ ಮತ್ತು ಅದರ ಜೊತೆಗಿನ ಘೋಷಣೆಯ ನಮೂನೆ ಕೊಟ್ಟರೆ ಒಪ್ಪಂದದ ಪ್ರಕಾರ ಶೇ. 15 ಮಾತ್ರ. ಹಾಗೆ ಮುರಿದ ತೆರಿಗೆಗೆ ಅಲ್ಲಿ ರಿಯಾಯಿತಿಯೂ ಸಿಗುತ್ತದೆ. ಪಿತ್ರಾರ್ಜಿತವಾಗಿ ಬಂದ ತೋಟವನ್ನು ಅನಿವಾಸಿ ಇಟ್ಟುಕೊಳ್ಳಬಹುದು, ಆದರೆ ಪಕ್ಕದ ಜಮೀನು ಮಾರಾಟಕ್ಕೆ ಬಂತೆಂದು ಅವನ ಹೆಸರಿನಲ್ಲಿ ಹೊಸದಾಗಿ ಕೊಳ್ಳಬೇಡಿ, ಕೃಷಿ ಭೂಮಿ ಕೊಳ್ಳಲು ಅನಿವಾಸಿಗಳಿಗೆ ಅವಕಾಶವಿಲ್ಲ. ಅಲ್ಲಿನ ಸಂಬಳದಿಂದ ಅವನು ನಿಮ್ಮ ತಾಯಿಯವರಿಗೆ ಕಳುಹಿಸುವ ಹಣಕ್ಕೆ ಮಾತ್ರ ಇಲ್ಲಿ ಯಾವ ತೆರಿಗೆಯೂ ಇಲ್ಲ. ಮಗ ತಾಯಿಗೆ ಕೊಟ್ಟದ್ದು ಎಷ್ಟಾದರೂ ಬಂಧುವಿನ ಉಡುಗೊರೆಯೇ.

ಪ್ರಶ್ನೆ ಕೇಳಿದವರಿಂದ, ಐದು ವಾರಗಳ ನಂತರ: ಕ್ಯಾತ್ಸಂದ್ರದ ಅಕ್ಕ

ಉತ್ತರಿಸಿದ ಮೂವರಿಗೂ ಏನಾಯಿತೆಂದು ತಿಳಿಸುವುದು ನ್ಯಾಯ. ಎರಡು ಕಡೆ ಸೊನ್ನೆ ಬರೆದ ಟಿಡಿ1 ಕೊಟ್ಟಿದ್ದಾನೆ, ಪ್ರಾಂತ್ಯದ ಹಾಳೆಯೂ ಸೇರಿ. ಕಾಫಿ ಅಂಗಡಿಯ ಹೊಸ ಸಂಬಳ ಚೀಟಿ ಮೊನ್ನೆ ಬಂತು. ಎರಡು ವಾರಕ್ಕೆ 540 ಡಾಲರ್, ತೆರಿಗೆಯೆಂದು ಸುಮಾರು 86 ಹೋಗಿದೆ. 'ಅಕ್ಕ, ಇದನ್ನು ನೋಡಿ ಖುಷಿಪಡುವವಳು ನೀನೊಬ್ಬಳೇ' ಎಂದು ಅದರ ಕೆಳಗೆ ಬರೆದಿದ್ದಾನೆ.

ಕಾಲೇಜಿನ ಎರಡು ಟಿ2202 ಚೀಟಿಗಳೂ ಸಿಕ್ಕಿವೆ. 2023ರ ರಿಟರ್ನ್ ಹೋಗಿದೆ, 2024ರದ್ದಕ್ಕೆ ತೋಟದ ಲೆಕ್ಕ ನಾನು ಕಳುಹಿಸಬೇಕು. ಅಪ್ಪನ ಕೈಬರಹದ ಹಳೆಯ ಕೂಲಿ ಪುಸ್ತಕವನ್ನು ಡಾಲರಿಗೆ ಪರಿವರ್ತಿಸುತ್ತ ಕುಳಿತಿದ್ದೇನೆ. ಅಷ್ಟರವರೆಗೆ ಪ್ರಾಂತ್ಯದ ಪಾಲೆಂದು 1,300 ಡಾಲರನ್ನು ಮೂರು ಕಂತಿನಲ್ಲಿ ಕಟ್ಟಲು ಫೋನಿನಲ್ಲಿ ಒಪ್ಪಿಸಿಕೊಂಡಿದ್ದಾನೆ, ಮೊದಲ ಕಂತು ಹೋಯಿತು. ಹೋಟೆಲಿಗೆ ಸೇರಲಿಲ್ಲ. ಕಾಫಿ ಅಂಗಡಿಯಲ್ಲಿ ಪಾಳಿಯ ಮೇಲ್ವಿಚಾರಕನ ಜಾಗ ಆಗಸ್ಟ್‌ನಲ್ಲಿ ಖಾಲಿಯಾಗುತ್ತದಂತೆ, ಕೇಳಿದ್ದಾನೆ. ಬ್ಯಾಂಕಿನಲ್ಲಿ ಎನ್‌ಆರ್‌ಒ ಅರ್ಜಿಗೆ ಅವನ ಪರ್ಮಿಟ್‌ನ ದೃಢೀಕೃತ ಪ್ರತಿ ಕೇಳಿದ್ದಾರೆ, ಅದು ಅಂಚೆಯಲ್ಲಿದೆ.